ಕೆರೆ ದಾರಿಯ ಮಹಜರು

ಬೀರುವಿನಲ್ಲಿ ಬೇರೇನೋ ಹುಡುಕುವಾಗ ಹಳೆಯ ಮಹಜರಿನ ಜೆರಾಕ್ಸ್ ಸಿಕ್ಕಿತು. ಅಕ್ಷರ ನನ್ನದು, ಕೆಳಗಿನ ಹೆಬ್ಬೆಟ್ಟು ಪಕ್ಕದ ಮನೆಯ ದೊಡ್ಡಮ್ಮನದು.

ನಮ್ಮೂರು ಅನುಗೊಂಡನಹಳ್ಳಿ ಹೋಬಳಿಯದು. ದೊಡ್ಡಮ್ಮ ದಿನವೂ ತನ್ನೆರಡು ಹಸುಗಳನ್ನು ಗೌಡರ ಹೊಲದಂಚಿನ ಕಾಲುದಾರಿಯಲ್ಲಿ ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ಉಳುವವರು ಅಷ್ಟಗಲ ಬಿಟ್ಟೇ ನೇಗಿಲು ತಿರುಗಿಸುತ್ತಿದ್ದರು... ಹಾಗೆಂದು ನನ್ನ ನೆನಪು. ಗೌಡರು ತೀರಿಕೊಂಡ ಮೇಲೆ ಹೊಲ ಕೊಂಡವನು ಒಂದೇ ವಾರದಲ್ಲಿ ದಾರಿಗಡ್ಡವಾಗಿ ಸಿಮೆಂಟ್ ಹಲಗೆಯ ಕಾಂಪೌಂಡ್ ಎಬ್ಬಿಸಿದ. ದಾರಿ ಬಿಡಿಸಿಕೊಡಿ ಎಂದು ದೊಡ್ಡಮ್ಮ ನನ್ನಿಂದ ಅರ್ಜಿ ಬರೆಸಿ ತಾಲ್ಲೂಕು ಕಚೇರಿಗೆ ಕೊಟ್ಟಳು.

ಸ್ಥಳ ನೋಡಲು ಬಂದ ಅಧಿಕಾರಿ ಗ್ರಾಮ ನಕಾಶೆ ಬಿಚ್ಚಿ, "ಇಲ್ಲಿ ದಾರೀನೇ ಇಲ್ವಲ್ಲಮ್ಮ" ಎಂದರು.

"ನಕ್ಸೆ ಬರ್ದೋನು ನಡ್ಕೊಂಡ್ ಬಂದಿದ್ನೋ, ಕುದ್ರೆ ಮೇಲ್ ಬಂದಿದ್ನೋ ಕೇಳಿ ಸ್ವಾಮಿ" ಎಂದಳು ದೊಡ್ಡಮ್ಮ.

ಅಧಿಕಾರಿ ನಕ್ಕರು. "ಹಳೇ ಗೌಡ್ರು ಓಡಾಡಕ್ಕೆ ಬಿಡ್ತಿದ್ರಾ?"

"ಬಿಡ್ದೆ ಏನು? ಪುಣ್ಯಾತ್ಮರು. ಒಂದಿನಾನೂ ಬೇಡ ಅಂದೋರಲ್ಲ."

ತೀರಿಕೊಂಡವರ ಬಗ್ಗೆ ನಮ್ಮ ಕಡೆ ಹೀಗೇ ಮಾತಾಡುವುದು. ಸ್ವಂತ ಬಾವಿಯ ನೀರು ಕುಡಿದರೂ ನೆರೆಯವರ ಪುಣ್ಯ ಎನ್ನುವ ಜನ. ಮಹಜರು ಬರೆಯಲು ಅಧಿಕಾರಿ ನನಗೇ ಹೇಳಿದ್ದರು. ಎಂ.ಎ. ಓದಿದ ನಾನು ದುಂಡಗೆ ಬರೆದೆ: 'ಸದರಿ ಜಮೀನಿನ ಮಾಲೀಕರ ಅನುಮತಿಯಿಂದ ಓಡಾಡುತ್ತಿದ್ದೆವು.' ಅನುಮತಿ ಎಂಬ ಪದ ಎಲ್ಲಿಂದ ಬಂತು? ಅಧಿಕಾರಿ ಹೇಳಿದರೋ, ನನ್ನ ಪೆನ್ನೇ ಹೇಳಿತೋ... ಅವಳಂತೂ ಹೇಳಲಿಲ್ಲ.

ಅದೊಂದೇ ಸಾಲು ಸಾಕಾಯಿತು. ಕೊಟ್ಟ ಅನುಮತಿಯನ್ನು ಹಿಂಪಡೆಯಬಹುದು, ಅದು ಹಕ್ಕಲ್ಲ ಎಂದು ಅರ್ಜಿ ವಜಾ ಆಯಿತು. ಮೂರು ತಲೆಮಾರಿನ ಕಾಲು ಸವೆಸಿದ ದಾರಿ! ಒಳ್ಳೆಯ ಮಾತಾಡಿದ್ದನ್ನೇ ತಪ್ಪೊಪ್ಪಿಗೆ ಎಂದು ಓದುವ ಕಾಗದಕ್ಕೆ ಏನನ್ನಬೇಕು? ಸುತ್ತಿ ಹೋಗಲು ಉಳಿದದ್ದು ಲಾರಿಗಳ ರಸ್ತೆ. ಹಸುಗಳು ಬೆದರಿದವು. ಎರಡನ್ನೂ ಮಾರಿದಳು.

"ನೀನೇನ್ಮಾಡ್ತೀಯಪ್ಪಾ, ನಾನೇಳಿದ್ದೇ ಬರ್ದೆ" ಎಂದಳು. ಅಲ್ಲವೆನ್ನುವ ಧೈರ್ಯ ನನಗೆ ಬರಲಿಲ್ಲ. ಅವಳು ಹೋಗಿ ವರ್ಷಗಳಾದವು.

ಈಗ ಬಿಡುವಾದಾಗ ಸುತ್ತಲ ಹಳ್ಳಿಗಳಿಗೆ ಹೋಗಿ, ನಕಾಶೆಯಲ್ಲಿಲ್ಲದ ದಾರಿಗಳನ್ನು ಬರೆದಿಡುತ್ತೇನೆ. ಹಿರಿಯರು ಮೊದಲು ಹೊಲದವರನ್ನು ಹೊಗಳುತ್ತಾರೆ. ಅದನ್ನು ನಾನು ಬರೆಯುವುದಿಲ್ಲ. "ನಡೆಯಕ್ಕೆ ಮುಂಚೆ ಯಾರನ್ನಾದ್ರೂ ಕೇಳಿದ್ರಾ?" ಎನ್ನುತ್ತೇನೆ. ಮೊನ್ನೆ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಾರೀಲಿ ನಡೆಯಕ್ಕೆ ಯಾರ್ನ್ಲಾ ಕೇಳ್ಬೇಕು?" ಎಂದಳು. ಹಾಗೇ ಬರೆದುಕೊಂಡೆ.

ಕೇಳಿದ್ದರೆ ದೊಡ್ಡಮ್ಮನೂ ಅದನ್ನೇ ಹೇಳುತ್ತಿದ್ದಳು. ಆ ದಿನ ನಾನು ಕೇಳಲಿಲ್ಲ.