ವೀರಯ್ಯ ಅಳಿಸಿದ ಭಾಷಣ

ಮಾರನಹಳ್ಳಿಯ ವೀರಯ್ಯ ಆಯುಷ್ಯವೆಲ್ಲ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿ, ಮಂಡಿ ಸವೆದ ಮೇಲೆ ಮನೆ ಸೇರಿದವನು. ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಮಗಳು ಮೇಘಾ ಮದುವೆಯಾಗಿ ಅರಸೀಕೆರೆಗೆ ಹೋಗುವಾಗ ಬಿಟ್ಟುಹೋಗಿದ್ದ ಹಳೇ ಗೇಮ್ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿಕೊಂಡು ಕಾರ್ ರೇಸಿಗಿಳಿದ.

ರೇಸಿನಲ್ಲೂ ಅವನದು ಘಾಟಿಯ ಚಾಳಿಯೇ. ತಿರುವು ಬಂದರೆ ನಿಧಾನ, ಹಿಂದಿನವನು ಅವಸರ ಮಾಡಿದರೆ ಎಡಕ್ಕೆ ಸರಿದು ದಾರಿ ಬಿಡುವುದು. ಯಾವಾಗಲೂ ಕೊನೆಯವನು. “ಗಾಡಿಗೊಂದು ಗೀರು ಬಿದ್ದೈತಾ ನೋಡೇ” ಎಂದು ಹೆಂಡತಿ ರಾಮಮ್ಮನಿಗೆ ಹೆಮ್ಮೆಯಿಂದ ತೋರಿಸುತ್ತಿದ್ದ.

ಅಂಥವನು ಒಂದು ದಿನ, ಮುಂದಿನ ಕಾರುಗಳೆಲ್ಲ ಗುದ್ದಾಡಿಕೊಂಡು ಬಿದ್ದ ಸಂದಿಯಲ್ಲಿ ಮೆಲ್ಲಗೆ ತೂರಿ ಮೊದಲಿಗನಾಗಿಬಿಟ್ಟ! ಕೆಂಪು ಕಾರು ಬಹುಮಾನ. ಖುಷಿಯಿಂದ ಮಗಳಿಗೆ ಫೋನ್ ಮಾಡಿದರೆ ಅವಳು, “ಅದರೊಳಗೆ ಉಳಿಸಿಡೋ ಡಿಸ್ಕ್ ಕೆಟ್ಟೋಗೈತೆ ಅಪ್ಪಾ. ಆಫ್ ಮಾಡಿದ್ರೆ ಕಾರೂ ಹೋಯ್ತು. ಒಂದು ಪೆನ್‌ಡ್ರೈವ್ ಹಾಕು, ಅದ್ರಲ್ಲಿ ಸೇವ್ ಆಗ್ತದೆ” ಅಂದಳು.

ಸ್ವಿಚ್ ಕಾಯಲು ರಾಮಮ್ಮನನ್ನು ಕೂರಿಸಿ ವೀರಯ್ಯ ಸಕಲೇಶಪುರದ ಬಸ್ಸು ಹತ್ತಿದ. ಪ್ರವೀಣನ ಮೊಬೈಲ್ ಅಂಗಡಿಯಲ್ಲಿದ್ದ ಅತಿ ದೊಡ್ಡ ಪೆನ್‌ಡ್ರೈವನ್ನೇ ತಂದು ಚುಚ್ಚಿದ. ಪೆಟ್ಟಿಗೆ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಊದಿದ, ಪಂಚೆಗೆ ಒರೆಸಿದ, ಪಕ್ಕದ ತೂತಿಗೆ ಹಾಕಿದ. ಊಹೂಂ. ಪ್ರವೀಣನಿಗೆ ಫೋನ್ ಮಾಡಿದ.

“ವೀರಯ್ಯಣ್ಣ, ಹಳೇ ಮೆಷೀನು ಇಷ್ಟು ದೊಡ್ಡದನ್ನ ತಗೊಳ್ಳಲ್ಲ. ಹಳೇದು, ಸಣ್ಣದು ಇದ್ರೆ ಹಾಕಿ. ಫಾರ್ಮ್ಯಾಟ್ ಕೇಳ್ತದೆ, ಹೂಂ ಅಂದ್ರೆ ಒಳಗಿರೋದೆಲ್ಲ...”

“ದೊಡ್ಡದೇ ಒಳ್ಳೇದು ಅಂದೋನು ನೀನೇ ಅಲ್ವೇನೋ ಮಾರಾಯ!” ಎಂದು ರೇಗಿದ ವೀರಯ್ಯ, ಮುಂದಿನದನ್ನು ಕೇಳದೆ ಫೋನಿಟ್ಟ.

ಟಿವಿಯ ಹಿಂದೆ ಒಂದು ಸಣ್ಣದು ಸಿಕ್ಕಿತು. ಚುಚ್ಚಿದೊಡನೆ ಪೆಟ್ಟಿಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿತು. ಚೆಕ್‌ಪೋಸ್ಟಿನಲ್ಲಿ ಕೇಳಿದ್ದಕ್ಕೆಲ್ಲ ಹೂಂಗುಟ್ಟಿ ಅಭ್ಯಾಸವಾಗಿದ್ದ ವೀರಯ್ಯ ಇಲ್ಲೂ ಹೂಂ ಒತ್ತಿದ. ಕಾರು ಉಳಿಯಿತು. ಮನಸ್ಸು ಹಗುರಾಯಿತು.

“ಅಯ್ಯೋ, ಅದ್ರಲ್ಲಿ ನಮ್ಮಣ್ಣನ ಭಾಷಣ ಇತ್ತಲ್ರೀ!” ಎಂದಳು ರಾಮಮ್ಮ.

ವೀರಯ್ಯ ಅದನ್ನು ಕಿತ್ತು ಟಿವಿಗೆ ಚುಚ್ಚಿ ನೋಡಿದ; ಭಾಷಣ ಇರಲಿಲ್ಲ. ಆಲೂರಿನ ಭಾವ ಬಸವಯ್ಯ ನಿವೃತ್ತ ಮೇಷ್ಟ್ರು. ಬೀಳ್ಕೊಡುಗೆಯ ದಿನ ತಾನು ಮಾಡಿದ ಭಾಷಣವನ್ನು, ಬಂದಾಗಲೆಲ್ಲ ಟಿವಿಯಲ್ಲಿ ಹಾಕಿಸಿ ಮನೆಮಂದಿಯನ್ನೆಲ್ಲ ಎದುರು ಕೂರಿಸಿಕೊಂಡು ನೋಡುವವನು.

ಭಾನುವಾರ ಬಂದೇಬಿಟ್ಟ. ಊಟ ಮುಗಿಸಿ ಕುರ್ಚಿ ಎಳೆದುಕೊಂಡು, “ಹಾಕಯ್ಯ” ಅಂದ.

ಸುಳ್ಳು ಹೇಳಲು ವೀರಯ್ಯನ ನಾಲಿಗೆ ಏಳಲಿಲ್ಲ. “ಭಾವ, ಅದು ಅಳಿಸೋಗ್ಬುಡ್ತು. ಅದ್ರಾಗೆ ಈಗ ಕಾರೈತೆ.”

“ಕಾರಾ?”

“ಕೆಂಪುದು.”

ಬಸವಯ್ಯನ ಕೈಯಲ್ಲಿದ್ದ ಕಾಫಿಗೆ ಕೆನೆ ಕಟ್ಟಿತು. ಭಾವ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲವೆಂದೇ ವೀರಯ್ಯ ಬೆವರಿದ. ಆಗ ಬಸವಯ್ಯ ಎದ್ದು ಶಾಲು ಸರಿಮಾಡಿಕೊಂಡ. “ಮೆಷೀನಿನಿಂದ ಹೋದ್ರೆ ಹೋಯ್ತು. ತಲೇಲಿ ಐತಲ್ಲ! ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ...”

ಟಿವಿಯಲ್ಲಾದರೆ ನಡುವೆ ನಿಲ್ಲಿಸಿ ಹಿತ್ತಿಲಿಗೆ ಹೋಗಿಬರಬಹುದಿತ್ತು. ಇದನ್ನು ನಿಲ್ಲಿಸುವ ಗುಂಡಿಯಿರಲಿಲ್ಲ. ಬಾಲ್ಯದಿಂದ ಹಿಡಿದು, ಅಂದು ಹೇಳಲು ಮರೆತಿದ್ದನ್ನೂ ಬಸವಯ್ಯ ನೆನಪು ಮಾಡಿಕೊಂಡು ಸೇರಿಸುತ್ತಾ ಹೋದ. ರಾಮಮ್ಮ ಹಾಲು ಉಕ್ಕುತ್ತಿದೆಯೆಂದು ಒಳಗೆ ಹೋದವಳು ಈಚೆ ಬರಲೇ ಇಲ್ಲ. ಒಮ್ಮೆ ಉಸಿರು ತೆಗೆದುಕೊಳ್ಳಲು ಅವನು ತಡೆದದ್ದೇ ತಡ, ಮುಗಿಯಿತೆಂಬಂತೆ ವೀರಯ್ಯ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದ.

“ಕೂತ್ಕೋ,” ಎಂದ ಬಸವಯ್ಯ, ಕಣ್ಣಲ್ಲಿ ನೀರು ತುಂಬಿಕೊಂಡು, “ಇನ್ನೂ ನಾನು ಕೆಲಸಕ್ಕೇ ಸೇರಿಲ್ಲ.”