ಎರಡನೇ ಟ್ರಾಂಬೋನಿನವನ ಉಸಿರು

ನಮ್ಮ ಬ್ಯಾಂಡ್ ಮಾಸ್ಟರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅವರಿಗೂ ನನ್ನನ್ನು ಕಂಡರಾಗದು. ಆದರೂ ಮೂವತ್ತು ವರ್ಷ ಅಕ್ಕಪಕ್ಕ ನಿಂತು ಟ್ರಾಂಬೋನ್ ಅನ್ನುವ ಉದ್ದನೆಯ ಹಿತ್ತಾಳೆ ಕಹಳೆ ಊದಿದ್ದೇವೆ. ಅವರು ಮೊದಲನೆಯವರು, ನಾನು ಎರಡನೆಯವನು. ಮಿಲಿಟರಿ ಬ್ಯಾಂಡಿನಿಂದ ರಿಟೈರಾಗಿ ಬಂದ ಅವರು ಮಡಿಕೇರಿಯಲ್ಲಿ, ಪ್ಲಾಂಟರುಗಳ ಕ್ಲಬ್ಬಿನ ಡ್ಯಾನ್ಸಿಗೆ ನುಡಿಸಲೆಂದು ಒಂದು ಜಾಝ್ ತಂಡ ಕಟ್ಟಿದರು. ಶಿರಂಗಾಲದಿಂದ ಬಸ್ಸು ಹತ್ತಿ ಹೋಗಿ ಅವರ ಹತ್ತಿರ ಕಲಿತೆ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ಜೋಳ, ಶುಂಠಿ ಬೆಳೆದವರು. "ಹೊಲದವನ ತುಟಿ ದಪ್ಪ, ಎರಡನೇ ಸಾಲಿಗೆ ಸಾಕು" ಎಂದು ಮಾಸ್ಟರು ಮೊದಲ ದಿನವೇ ಎಲ್ಲರೆದುರು ಅಂದಿದ್ದರು. ಅದನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಎರಡನೇ ಟ್ರಾಂಬೋನಿನವನಿಗೆ ಒಂದು ಗುಟ್ಟಿನ ಕೆಲಸವಿದೆ. ಮೊದಲಿನವರು ಉದ್ದದ ಸ್ವರ ಹಿಡಿದು ಉಸಿರು ಮುಗಿಯುವ ಹೊತ್ತಿಗೆ ಅದೇ ಸ್ವರವನ್ನು ನಾನು ಮೆಲ್ಲಗೆ ಎತ್ತಿಕೊಳ್ಳಬೇಕು. ಅವರು ಉಸಿರೆಳೆದುಕೊಂಡು ಮತ್ತೆ ಸೇರಿದ ಮೇಲೆ ನಾನು ಸದ್ದಿಲ್ಲದೆ ಬಿಡಬೇಕು. ಕೇಳುವವರಿಗೆ ಒಬ್ಬನೇ ನಿಲ್ಲದೆ ಊದಿದಂತೆ. ಮಿಲಿಟರಿ ಬ್ಯಾಂಡಿನಲ್ಲಿ ಇದನ್ನು ಎಲ್ಲರೂ ಎಲ್ಲರಿಗೂ ಮಾಡುತ್ತಾರಂತೆ. ನಮ್ಮಲ್ಲಿ ಮಾತ್ರ ಮಾಡುವವನು ನಾನೊಬ್ಬನೇ. "ಅಬ್ಬಾ, ಏನು ದಮ್ಮು ಮಾಸ್ಟ್ರೇ!" ಎಂದು ಕ್ಲಬ್ಬಿನವರು ಅವರ ಬೆನ್ನು ತಟ್ಟುವಾಗ ನಾನು ಟ್ರಾಂಬೋನಿನ ಜಾರುಕೊಳವೆಯಲ್ಲಿ ತುಂಬಿದ ಎಂಜಲು ನೀರು ಬಸಿಯುತ್ತಿದ್ದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಅನ್ನುತ್ತಾರಲ್ಲ, ಇಲ್ಲಿ ದುಡ್ಡಿನ ಬದಲು ನನ್ನ ಉಸಿರು.

ಎಪ್ಪತ್ತಾರನೇ ವಯಸ್ಸಿನಲ್ಲಿ ಮಾಸ್ಟರಿಗೆ ಆಲ್ಬಮ್ಮಿನ ಹುಚ್ಚು ಹಿಡಿಯಿತು. ಕ್ಲಬ್ಬಿನಲ್ಲಿ ನುಡಿಸಿ ನುಡಿಸಿ ಸವೆದ ಎಂಟು ಹಳೆಯ ಜಾಝ್ ಹಾಡುಗಳು. ಸುಂಟಿಕೊಪ್ಪದ ಕಡೆಯ ಎಸ್ಟೇಟಿನವರೊಬ್ಬರು ಖಾಲಿಯಿದ್ದ ಕಾಫಿ ಗೋದಾಮು ಬಿಟ್ಟುಕೊಟ್ಟರು. ಮೈಸೂರಿನಿಂದ ಬಂದ ರೆಕಾರ್ಡಿಂಗಿನ ಹೆಣ್ಣುಮಗಳು ಗೋಡೆಗೆಲ್ಲ ಗೋಣಿಚೀಲ ತೂಗುಹಾಕಿಸಿ ಮೈಕು ನಿಲ್ಲಿಸಿದಳು. ಮಾಸ್ಟರ ಉಸಿರು ಆಗಲೇ ಅರ್ಧಕ್ಕಿಳಿದಿತ್ತು. ಏಳು ಹಾಡು ಮುಗಿಯುವುದರೊಳಗೆ ಎತ್ತಿಕೊಂಡು ಎತ್ತಿಕೊಂಡು ನನ್ನ ತುಟಿ ಊದಿಕೊಂಡಿತು.

ಎಂಟನೆಯದಕ್ಕೆ ಮುಂಚೆ ಕಾಫಿಗೆ ಬಿಟ್ಟಾಗ ಕೇಳಿಯೇಬಿಟ್ಟೆ.

"ಮಾಸ್ಟ್ರೇ, ಇದೊಂದನ್ನ ನಾನು ಮುಂದೆ ನಿಂತು ನುಡಿಸ್ತೀನಿ. ನೀವು ಎತ್ಕೊಳ್ಳಿ. ನನ್ನದು ಅಂತ ಒಂದಾದ್ರೂ ಇರ್ಲಿ."

ಅವರು ತಲೆಯನ್ನೂ ಎತ್ತಲಿಲ್ಲ. "ಆಲ್ಬಮ್ ನನ್ದು ಕಣಯ್ಯಾ. ಹೋಗು, ನಿನ್ ಪೊಸಿಶನ್ನಲ್ಲಿ ನಿಂತ್ಕೋ."

ಮೈಯೆಲ್ಲ ಉರಿದುಹೋಯಿತು. ನಿಲ್ಲುತ್ತೇನೆ, ಆದರೆ ಊದುವುದಿಲ್ಲ, ಇವರ ಬಂಡವಾಳ ಇವತ್ತು ಬಯಲಾಗಲಿ ಅಂದುಕೊಂಡೆ.

ಅದು ನಿಧಾನದ ಹಾಡು. ನಡುವೆ ಒಂದು ಉದ್ದದ ಸ್ವರ ಬರುತ್ತದೆ. ಅವರ ಉಸಿರು ಮುಗಿಯುತ್ತ ಬಂತು. ನಾನು ಟ್ರಾಂಬೋನ್ ತುಟಿಗಿಟ್ಟುಕೊಂಡು ಸುಮ್ಮನೆ ನಿಂತೆ. ಸ್ವರ ನಡುಗಿತು, ಕೆಳಗಿಳಿಯಿತು, ನಿಂತೇಹೋಯಿತು. ಪಿಯಾನೋದವರು ಗಾಬರಿಯಾಗಿ ಕೈ ತೆಗೆದರು. ಮಾಸ್ಟರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ತುಕ್ಕು ಹಿಡಿದ ಗೇಟು ಎಳೆದ ಹಾಗೆ ಸದ್ದು ಮಾಡುತ್ತ ಉಸಿರೆಳೆದುಕೊಂಡು, ಬಿಟ್ಟಲ್ಲಿಂದಲೇ ಶುರು ಮಾಡಿದರು. ಅಲ್ಲಿಂದಾಚೆ ಉಸಿರು ಇದ್ದಷ್ಟೇ ನುಡಿಸಿದರು. ಎರಡು ಸ್ವರ, ನಿಲ್ಲುವುದು. ಮೂರು ಸ್ವರ, ನಿಲ್ಲುವುದು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ಇನ್ನೊಂದ್ಸಲ ತಗೊಳ್ಳೋಣ್ವಾ ಸಾರ್?" ಎಂದು ಆ ಹೆಣ್ಣುಮಗಳು ಕೇಳಿದಳು.

"ಬೇಡಮ್ಮ, ಇದೇ ಇರ್ಲಿ" ಅಂದರು ಮಾಸ್ಟರು.

ಆಲ್ಬಮ್ ಬಂದಮೇಲೆ ಕೇಳಿದವರೆಲ್ಲ ಹೊಗಳಿದ್ದು ಆ ಎಂಟನೆಯದನ್ನೇ. ನಾನು ಉಸಿರು ಸುರಿದ ಏಳನ್ನು "ಚೆನ್ನಾಗಿದೆ" ಎಂದು ದಾಟಿಸಿದರು. ನನ್ನ ಹೆಂಡತಿಯಂತೂ ಅಕ್ಕಿ ಆರಿಸುತ್ತ ಫೋನಿನಲ್ಲಿ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡಳು. "ಇದ್ರಲ್ಲಿ ನೀವು ಎಲ್ಲಿ ಬರ್ತೀರಿ?" ಎಂದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಮಡಿಕೇರಿಗೆ ಹೋಗಿ, ಅವರ ಮನೆ ಜಗಲಿಯಲ್ಲಿ ಕೂತು ಹೇಳಿದೆ. "ಅವತ್ತು ಸ್ವರ ಎತ್ಕೊಳ್ದೇ ಇದ್ದದ್ದು ಮರೆತಲ್ಲ ಮಾಸ್ಟ್ರೇ. ನಿಮ್ಮ ಮಾನ ತೆಗೀಬೇಕು ಅಂತಲೇ ಬಿಟ್ಟೆ."

"ಗೊತ್ತು" ಅಂದರು. "ಮೂವತ್ತು ವರ್ಷ ಪಕ್ಕದಲ್ಲಿ ನಿಂತೋನ ಉಸಿರು ಗೊತ್ತಾಗಲ್ವೇನಯ್ಯಾ? ನೀನು ಎತ್ಕೋತಿದ್ದೆ ಅಂತ ನಾನು ಒಂದು ದಿನಾನೂ ಒಬ್ನೇ ನುಡಿಸ್ಲಿಲ್ಲ. ಹಾಗೆ ನುಡಿಸೋಕೆ ನಂಗೆ ಬರುತ್ತೆ ಅಂತಲೇ ಗೊತ್ತಿರ್ಲಿಲ್ಲ. ಈ ಕೆಲ್ಸ ನೀನು ಯಾವತ್ತೋ ಮಾಡ್ಬೇಕಿತ್ತು."

ಅವರು ಬಯ್ದರೆ ತಿರುಗಿಸಿ ಬಯ್ಯಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅದಕ್ಕೂ ನನಗೆ ಅವರ ಮೇಲೆಯೇ ಸಿಟ್ಟು ಬಂತು.