ಗುಂಡಗೇ ಉಳಿದ ನಿಂಬೆಹಣ್ಣು

ಅಣ್ಣ ಕಾರ್ಖಾನೆ ಕೆಲಸ ಬಿಟ್ಟು ದೇವನಹಳ್ಳಿಯಲ್ಲಿ ಟ್ಯಾಕ್ಸಿ ಓಡಿಸಬೇಕೆಂದಿದ್ದ. ನಾಲ್ಕು ಭಾನುವಾರಗಳಲ್ಲಿ ಐದು ಹಳೇ ಡೀಸೆಲ್ ಕಾರು ನೋಡಿ, ಒಂದೊಂದರ ರೋಗವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೆ. ಐದನೇ ಭಾನುವಾರ ಜಡಿಗೇನಹಳ್ಳಿಯ ಕಾರು. ಬಿಸಿಯಾಗಿದ್ದರೆ ಕೆಟ್ಟ ಎಂಜಿನ್ನೂ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗಲೇ ಅದರ ಬಣ್ಣ ಬಯಲಾಗುವುದು. ಅದಕ್ಕೇ, ನಾವು ಬರುವತನಕ ಮುಟ್ಟಬೇಡಿ ಎಂದು ಮುಂಚೆಯೇ ಹೇಳಿ ಕಳಿಸಿದ್ದೆ.

ಬೆಳಿಗ್ಗೆ ಏಳಕ್ಕೆ ಹೋದರೆ ಕಾರಿಗೆ ಹಾರ, ಕುಂಕುಮ. ಬಾನೆಟ್ ಮೇಲೆ ಕೈಯಿಟ್ಟೆ. ಸುಡುತ್ತಿತ್ತು.

“ನಿಂಬೆಹಣ್ಣಿನ ಮೇಲೆ ಹತ್ಸೋಕೆ ಒಂದ್ ಮಾರು ಮುಂದಕ್ ತಗೊಂಡ್ವಿ, ಅಷ್ಟೇ ಕಣಪ್ಪ,” ಎಂದ ಮಾಲೀಕ.

ಬಗ್ಗಿ ನೋಡಿದೆ. ಮುಂದಿನ ಚಕ್ರಗಳ ಎದುರಿಗಿಟ್ಟ ಎರಡೂ ಹಣ್ಣು ಗುಂಡಗೇ ಇದ್ದವು. ದೇವರ ಹೆಸರಲ್ಲೂ ಸುಳ್ಳು! ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಉರಿಸಿದ್ದು ಅಣ್ಣನ ಮಾತು: “ಪೂಜೆ ಆಗಿರೋ ಗಾಡಿ ಬೇಡ ಅನ್ಬಾರ್ದು ಕಣೋ. ಮುಚ್ಚು ನಿನ್ ಡೈರಿನ.”

“ಎಂಜಿನ್ ತಣ್ಣಗಾಗೋ ತನಕ ನಾನು ಏಳಲ್ಲ,” ಎಂದು ಜಗಲಿಯ ಮೇಲೆ ಕೂತುಬಿಟ್ಟೆ. ಮಾಲೀಕ ಯಮಗಂಡ ಕಾಲ ಬಂತು ಎಂದ, ಊಟಕ್ಕೆ ಏಳಿ ಎಂದ. ನಾನು ಅಲುಗಲಿಲ್ಲ.

ಮಧ್ಯಾಹ್ನ ಎರಡಕ್ಕೆ ಅಣ್ಣನೇ ಕೀ ತಿರುಗಿಸಿದ. ತಿರುಗಿಸಿದಷ್ಟು ಸಲವೂ ನಾನು ಡೈರಿಯಲ್ಲಿ ಒಂದೊಂದು ಗೆರೆ ಎಳೆದೆ. ಒಂಬತ್ತನೇ ಗೆರೆಗೆ ಎಂಜಿನ್ ಕೆಮ್ಮುತ್ತಾ ಎದ್ದಿತು. ನೀಲಿ ಹೊಗೆಯಲ್ಲಿ ಹಿಂದೆ ನಿಂತಿದ್ದ ಮಾಲೀಕನೇ ಕಾಣದಾದ.

ಅಣ್ಣ ಎಂಜಿನ್ ಆರಿಸಿ ಇಳಿದ. ಚಕ್ರಗಳ ಎದುರಿನ ಎರಡೂ ನಿಂಬೆಹಣ್ಣು ಎತ್ತಿ ಮಾಲೀಕನ ಕೈಗಿಟ್ಟ.

“ತಗೋ ಗುರು, ಪಾನಕ ಮಾಡ್ಕೊಂಡ್ ಕುಡಿ.”